ಆಪರೇಷನ್ಸ್ ಮ್ಯಾನೇಜ್‌ಮೆಂಟ್ (ಮಾಲು ತಯಾರಿಸುವ, ಸೇವೆ ಕೊಡುವ ಕೆಲಸವನ್ನು ನಿಭಾಯಿಸುವ ವಿದ್ಯೆ) ಓದುವುದನ್ನು ಎಲ್ಲಿಂದ ಶುರು ಮಾಡಬೇಕು? ಬಿ.ಕಾಂ ಮಾಡಿದವರಿಗೆ ಗಣಿತ ಕಷ್ಟವಾಗುತ್ತದೆಯೇ?

ಗುಣಾಕಾರ, ಭಾಗಾಕಾರ ಬಂದರೆ ಶುರು ಮಾಡಲು ಸಾಕು. ಪುಸ್ತಕ ಕೊಳ್ಳುವ ಮೊದಲು ಜನ ತುಂಬಿದ ಒಂದು ದರ್ಶಿನಿಗೆ ಹೋಗಿ, ದೋಸೆ ಕೌಂಟರಿನ ಪಕ್ಕ ಅರ್ಧ ಗಂಟೆ ನಿಂತುಕೊಳ್ಳಿ. ಕೈಯಲ್ಲಿ ಕಾಫಿ ಲೋಟ ಇದ್ದರೆ ಯಾರೂ ಏನೂ ಕೇಳುವುದಿಲ್ಲ.

ಕಾವಲಿಯ ಮೇಲೆ ಒಂದು ಸಲಕ್ಕೆ 12 ದೋಸೆ, ಬೇಯಲು 4 ನಿಮಿಷ ಎಂದಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ 3. ಕ್ಯಾಷ್ ಕೌಂಟರಿನವರು ಮಾತ್ರ ನಿಮಿಷಕ್ಕೆ 5 ದೋಸೆ ಟೋಕನ್ ಕೊಡುತ್ತಿದ್ದಾರೆ. ನಿಮಿಷ ನಿಮಿಷಕ್ಕೂ ಇಬ್ಬರು ಹೆಚ್ಚಾಗಿ ಕಾವಲಿ ಮುಂದೆ ಸೇರುತ್ತಾರೆ. 30 ಜನ ಸೇರಿದಾಗ ಕೊನೆಯವರಿಗೆ ದೋಸೆ ಸಿಗಲು ಸುಮಾರು 10 ನಿಮಿಷ. ಮಾಲೀಕರು ಇನ್ನೊಂದು ಕ್ಯಾಷ್ ಕೌಂಟರ್ ತೆರೆದರೆ? ಗದ್ದಲ ಜಾಸ್ತಿಯಾಗುತ್ತದೆ, ದೋಸೆ ನಿಮಿಷಕ್ಕೆ ಅದೇ 3. ಇಕ್ಕಟ್ಟು ಇರುವುದು ಕಾವಲಿಯಲ್ಲಿ. ದುಡ್ಡು ಹಾಕಬೇಕಾದದ್ದೂ ಅಲ್ಲೇ.

ಜನ, ವೇಗ, ಕಾಯುವ ಸಮಯ ಮೂರನ್ನೂ ಜೋಡಿಸುವುದು ಲಿಟಲ್ ನಿಯಮ. ಬರುವವರೂ ಹೋಗುವವರೂ ಸರಿಸಮ ಇದ್ದು ಸಾಲು ಬೆಳೆಯುತ್ತಾ ಹೋಗದಿದ್ದಾಗ: ವ್ಯವಸ್ಥೆಯೊಳಗಿರುವ ಸರಾಸರಿ ಜನ = ಜನ ಬರುವ ಸರಾಸರಿ ವೇಗ × ಒಬ್ಬರು ಒಳಗಿರುವ ಸರಾಸರಿ ಸಮಯ. ಜಾನ್ ಲಿಟಲ್ 1961ರಲ್ಲಿ ಇದಕ್ಕೆ ಗಣಿತದ ಪುರಾವೆ ಕೊಟ್ಟರು. ಆಸ್ಪತ್ರೆಯ ಒಪಿಡಿಗೂ ಗೋದಾಮಿಗೂ ಇದೇ ಲೆಕ್ಕ.

ಆಮೇಲೆ ಟೊಯೋಟಾ ಕಾರು ಕಂಪನಿಯ ಉತ್ಪಾದನಾ ಪದ್ಧತಿ ಓದಿ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಖಾಲಿಯಾದಷ್ಟೇ ಮಾಲು ಮತ್ತೆ ತುಂಬುವ ಕ್ರಮದಿಂದ ಟೊಯೋಟಾದ ತಾಯಿಚಿ ಓನೊ ಕಾನ್‌ಬಾನ್ (ಎಷ್ಟು ಬಳಕೆಯಾಯಿತೋ ಅಷ್ಟನ್ನೇ ಮತ್ತೆ ತಯಾರಿಸಲು ಹೇಳುವ ಚೀಟಿ ಪದ್ಧತಿ) ರೂಪಿಸಿದರು. ಸಿಕ್ಸ್ ಸಿಗ್ಮಾ (ಕೆಲಸದಲ್ಲಿನ ದೋಷ ತಗ್ಗಿಸುವ ವಿಧಾನ) ಬೆಲ್ಟಿಗೆ, ಅಂದರೆ ಅದರ ಸರ್ಟಿಫಿಕೇಟಿಗೆ, ಈಗಲೇ ಫೀಸು ಕಟ್ಟಬೇಡಿ; ಅದಕ್ಕೆ ಸಂಖ್ಯಾಶಾಸ್ತ್ರ ಬೇಕು, ಕೆಲಸಕ್ಕೆ ಸೇರಿ ಸ್ವಂತ ಅಂಕಿಅಂಶ ಕೈಗೆ ಬಂದ ಮೇಲೆ ಕಲಿತರೆ ತಲೆಗೆ ಹತ್ತುತ್ತದೆ.