ವಾಯಿದೆಗೆ ತಲೆಯಾಡಿಸುವ ಮುನ್ನ

ಚಿ. ಪ್ರಸನ್ನನಿಗೆ ಆಶೀರ್ವಾದಗಳು.

ನಿನ್ನ ಜೊತೆಯಲ್ಲಿರುವ ಹುಡುಗನ ಮೇಲೆ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಫೆಲನಿ, ಎಂದರೆ ಗಂಭೀರ ಅಪರಾಧದ, ಮೊಕದ್ದಮೆ ಹೂಡಿದ್ದಾರೆ, ಅವನಿನ್ನೂ ಜೈಲಿನಲ್ಲಿದ್ದಾನೆ ಎಂದು ಬರೆದಿದ್ದೀಯ. ಗುರುವಾರ ನ್ಯಾಯಾಧೀಶರು ‘ಟೈಮ್ ವೇವ್ ಮಾಡುತ್ತೀಯಾ’, ಎಂದರೆ ಗಡುವಿನೊಳಗೆ ವಿಚಾರಣೆ ನಡೆಯಬೇಕೆಂಬ ಹಕ್ಕನ್ನು ಬಿಟ್ಟುಕೊಡುತ್ತೀಯಾ, ಎಂದು ಕೇಳಿದರೆ ಹೂಂ ಅನ್ನುವುದೇ ಮರ್ಯಾದೆಯಲ್ಲವೇ ಎಂಬ ನಿನ್ನ ಪ್ರಶ್ನೆ ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. 1998ರಲ್ಲಿ ಇಲ್ಲಿಗೆ ಬಂದ ಹೊಸತರಲ್ಲಿ ನಾನೂ ಹೀಗೆಯೇ ಯೋಚಿಸಿದ್ದೆ.

ಫೆಲನಿ ಆರೋಪಕ್ಕೆ ವಿಚಾರಣೆ ನಡೆಸುವಷ್ಟು ಆಧಾರವಿದೆಯೇ ಎಂದು ನ್ಯಾಯಾಧೀಶರು ಸಾಕ್ಷ್ಯ ಕೇಳಿ ನಿರ್ಧರಿಸುವ ಹಂತವೇ ಪ್ರಿಲಿಮಿನರಿ ಹಿಯರಿಂಗ್. ಕ್ಯಾಲಿಫೋರ್ನಿಯಾದಲ್ಲಿ, ಆರೋಪ ಓದಿ ಹೇಳಿ ಉತ್ತರ ಪಡೆದ ದಿನದಿಂದ ಕೋರ್ಟು ನಡೆಯುವ 10 ದಿನಗಳೊಳಗೆ, ಎಂದರೆ ಸುಮಾರು ಎರಡು ವಾರದಲ್ಲಿ, ಅದು ನಡೆಯಬೇಕು. ತಕ್ಕ ಕಾರಣವಿದ್ದು ತಡವಾದರೂ 60 ದಿನ ದಾಟುವಂತಿಲ್ಲ. ಆರೋಪಿಯೇ ಸ್ವತಃ ಆ ಹಕ್ಕನ್ನು ಬಿಟ್ಟುಕೊಟ್ಟರೆ ಮಾತ್ರ ದಾಟಬಹುದು. ಗಡುವು ತಪ್ಪಿ ದೂರು ವಜಾ ಆದರೆ ಗೆದ್ದೆವೆಂದು ತಿಳಿಯಬೇಡ, ಸಾಮಾನ್ಯವಾಗಿ ಅದನ್ನು ಇನ್ನೊಮ್ಮೆ ಹೂಡುವ ಅವಕಾಶ ಆರೋಪ ಹೊರಿಸಿದ ಸರ್ಕಾರದ ಪಕ್ಷಕ್ಕಿದೆ. ಮುಂದೆ ಜ್ಯೂರಿ ವಿಚಾರಣೆಗೆ ಬೇರೆಯದೇ 60 ದಿನಗಳ ಗಡುವಿದೆ.

ನಿನ್ನ ತಾತನ ತೋಟದ ದಾವೆ ತಿಪಟೂರಿನಲ್ಲಿ ಹೇಗೆ ನಡೆಯಿತೆಂದು ನಿನಗೆ ಗೊತ್ತೇ ಇದೆ. ಬುತ್ತಿ ಕಟ್ಟಿಕೊಂಡು ಹೋಗಿ, ವಾಯಿದೆ ಸಿಕ್ಕಿತೆಂದು ನಿರಾಳವಾಗಿ ಮನೆಗೆ ಬರುತ್ತಿದ್ದ ಮನೆತನ ನಮ್ಮದು. ಆ ಬುದ್ಧಿಯನ್ನೇ ನಾನು ಇಲ್ಲಿಗೂ ತಂದಿದ್ದೆ. 2000ದಲ್ಲಿ ನನ್ನ ಕೋಣೆಯ ಗೆಳೆಯನನ್ನು ಕಳವಿನ ಆರೋಪದ ಮೇಲೆ ಹಿಡಿದಾಗ, ಭೇಟಿಗೆ ಹೋದ ನಾನು ಅವನಿಗೆ ಎರಡು ಮಾತು ಹೇಳಿದೆ: ನ್ಯಾಯಾಧೀಶರು ಏನು ಕೇಳಿದರೂ ಹೂಂ ಅನ್ನು, ಎದುರಾಡಬೇಡ, ಮತ್ತು ಆ ಪಬ್ಲಿಕ್ ಡಿಫೆಂಡರನ್ನು ನಂಬಬೇಡ, ಸರ್ಕಾರಿ ವಕೀಲರಲ್ಲವೇ. ನಮ್ಮೂರಿನಲ್ಲಿ ಸರ್ಕಾರಿ ವಕೀಲರೆಂದರೆ ಎದುರು ಪಕ್ಷ. ಇಲ್ಲಿ ಪಬ್ಲಿಕ್ ಡಿಫೆಂಡರ್‌ಗೆ ಸಂಬಳ ಕೊಡುವುದು ಕೌಂಟಿಯಾದರೂ ಅವರು ನಿಲ್ಲುವುದು ಆರೋಪಿಯ ಪರವಾಗಿ. ಈ ವ್ಯತ್ಯಾಸ ನನಗೆ ಅಂದು ತಿಳಿದಿರಲಿಲ್ಲ, ತಿಳಿಯದ್ದನ್ನು ಕೇಳುವ ವಿನಯವೂ ಇರಲಿಲ್ಲ. ಅವನು ವಕೀಲರೆದುರು ಬಾಯಿ ಬಿಡಲಿಲ್ಲ, ನ್ಯಾಯಾಧೀಶರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ಜಾಮೀನಿಗೆ ನಮ್ಮಲ್ಲಿ ಹಣವಿರಲಿಲ್ಲ. ಐದು ತಿಂಗಳ ನಂತರ ಹಿಯರಿಂಗ್ ನಡೆದ ದಿನ, ಆಧಾರ ಸಾಲದೆಂದು ಒಂದೇ ಬೆಳಿಗ್ಗೆಯಲ್ಲಿ ಬಿಟ್ಟು ಕಳಿಸಿದರು. ಅಷ್ಟರಲ್ಲಿ ಕೆಲಸ ಹೋಗಿತ್ತು, ಅದರ ಜೊತೆ ವೀಸಾ ಹೋಗಿತ್ತು, ತಂಗಿಯ ಮದುವೆಯೂ ಮುಗಿದಿತ್ತು. ಈಗ ಮೈಸೂರಿನಲ್ಲಿದ್ದಾನೆ. ಯುಗಾದಿಗೆ ತಪ್ಪದೆ ಫೋನು ಮಾಡುತ್ತಾನೆ, ಆ ಮಾತನ್ನು ಮಾತ್ರ ಎತ್ತುವುದಿಲ್ಲ.

ಹಾಗೆಂದು ಎಂದೂ ಬಿಟ್ಟುಕೊಡಬಾರದೆಂದು ನಾನು ಹೇಳುತ್ತಿಲ್ಲ. ವೀಡಿಯೊ ತರಿಸಲು, ಸಾಕ್ಷಿಗಳನ್ನು ಹುಡುಕಲು ನಮ್ಮ ಪಕ್ಷಕ್ಕೇ ಕಾಲ ಬೇಕಾಗಬಹುದು. ಎಷ್ಟು ದಿನ, ಯಾವ ಕೆಲಸಕ್ಕೆ ಎಂದು ಅವನು ತನ್ನ ವಕೀಲರನ್ನು ಕೇಳಿ ತಿಳಿದ ಮೇಲೆ ಒಪ್ಪಲಿ. ಶೀಘ್ರ ವಿಚಾರಣೆಯ ಹಕ್ಕು 1791ರಿಂದ ಅಮೆರಿಕದ ಸಂವಿಧಾನದ ಆರನೆಯ ತಿದ್ದುಪಡಿಯಲ್ಲಿದೆ. ಆದರೆ ಆ ಹಕ್ಕಿಗೆ ಭಂಗ ಬಂದಿದೆಯೇ ಎಂದು ನೋಡುವಾಗ ವಿಳಂಬದ ಅವಧಿ, ಅದರ ಕಾರಣ, ಆದ ಹಾನಿ ಇವುಗಳ ಜೊತೆಗೆ ಆರೋಪಿ ಆ ಹಕ್ಕನ್ನು ಬಾಯಿಬಿಟ್ಟು ಕೇಳಿದ್ದನೇ ಎಂಬುದನ್ನೂ ತೂಗಬೇಕೆಂದು ಇಲ್ಲಿನ ಸುಪ್ರೀಂ ಕೋರ್ಟು 1972ರಲ್ಲಿ ಹೇಳಿದೆ. ಸುಮ್ಮನಿರುವುದನ್ನು ಸಭ್ಯತೆಯೆಂದು ಕಲಿತು ಬಂದ ನಮ್ಮಂಥವರಿಗೆ ಇದು ಕಷ್ಟದ ಪಾಠ.

ವೀಸಾದ ವಿಷಯವನ್ನು, ತಪ್ಪೊಪ್ಪಿಗೆಯ ಮಾತು ಬರುವ ಮೊದಲೇ, ವಕೀಲರ ಹತ್ತಿರ ಎತ್ತಲಿ. ಅವನ ತಂದೆ ತಾಯಿಗೆ ತಿಳಿಸುವುದು ಅವನಿಗೇ ಬಿಟ್ಟದ್ದು. ಜೈಲಿನ ಫೋನಿನಲ್ಲಿ ಕನ್ನಡವಾದರೂ ಸರಿ, ಮೊಕದ್ದಮೆಯ ಮಾತು ಬೇಡ, ಎಲ್ಲವೂ ದಾಖಲಾಗುತ್ತದೆ.

ಅಂದು ಆಫೀಸಿನಲ್ಲಿ ಕೆಲಸವಿದೆಯೆಂದು ನಾನು ಕೋರ್ಟಿಗೆ ಹೋಗಿರಲಿಲ್ಲ. ಗುರುವಾರಕ್ಕೆ ರಜೆ ಹಾಕಿದ್ದೇನೆ; ಬೆಳಿಗ್ಗೆ ಎಂಟಕ್ಕೆ ನಿನ್ನ ಮನೆಯ ಹತ್ತಿರ ಕಾರು ತರುತ್ತೇನೆ.

ನಿನ್ನ ದೊಡ್ಡಪ್ಪ