ಕನ್ನಡಕ ತೆಗೆದರೆ ಕಣ್ಣು ಮತ್ತೆ ಮೂಗಿನ ಕಡೆಗೆ!

ಪ್ರಶ್ನೆ: ನನ್ನ ಮಗಳಿಗೆ 3 ವರ್ಷ. ಜ್ವರ ಬಂದು ಹೋದ ಮೇಲೆ ಎಡಗಣ್ಣು ಮೂಗಿನ ಕಡೆ ತಿರುಗತೊಡಗಿತು. ಡಾಕ್ಟರು ಪ್ಲಸ್ 5 ಕನ್ನಡಕ ಕೊಟ್ಟಿದ್ದಾರೆ. ಹಾಕಿಕೊಂಡಾಗ ಕಣ್ಣು ನೇರ. ತೆಗೆದರೆ ಮೊದಲಿಗಿಂತ ಜಾಸ್ತಿ ಮೆಳ್ಳೆ ಅನಿಸುತ್ತದೆ. ಕನ್ನಡಕದಿಂದಲೇ ಹೀಗಾಯಿತೇ? ಮೆಳ್ಳೆಗಣ್ಣು ಅದೃಷ್ಟ, ತಾನಾಗೇ ಸರಿಹೋಗುತ್ತೆ ಅಂತಾರೆ ನಮ್ಮತ್ತೆ. ಆಪರೇಷನ್ ಬೇಕಾ?
– ಒಬ್ಬ ತಾಯಿ, ಹಾಸನ

ಉತ್ತರ: ಕನ್ನಡಕ ಏನನ್ನೂ ಕೆಡಿಸಿಲ್ಲ. ಹಾಕಿದಾಗ ಕಣ್ಣು ನೇರ ನಿಲ್ಲುತ್ತಿದೆ ಅಂದರೆ ಮದ್ದು ಹಿಡಿದಿದೆ ಅಂತಲೇ ಅರ್ಥ.

ಪ್ಲಸ್ ಪವರ್ ಜಾಸ್ತಿ ಇರುವ ಮಗು ಯಾವುದನ್ನೇ ಸ್ಪಷ್ಟವಾಗಿ ನೋಡಲೂ ತಿಣುಕಿ ಫೋಕಸ್ ಮಾಡಬೇಕು. ಫೋಕಸ್ ಮಾಡಿದಾಗಲೆಲ್ಲ ಎರಡೂ ಕಣ್ಣು ಒಳಕ್ಕೆ ಸರಿಯುವುದು ಸಹಜ. ನಿಮ್ಮ ಬೆರಳನ್ನು ಮೂಗಿನ ಹತ್ತಿರ ತಂದು ನೋಡಿ, ಗೊತ್ತಾಗುತ್ತದೆ. ಈ ಮಕ್ಕಳಲ್ಲಿ ಅದು ಅತಿಯಾಗಿ ಒಂದು ಕಣ್ಣು ಮೂಗಿನ ಕಡೆ ವಾಲುತ್ತದೆ. ಸಾಮಾನ್ಯವಾಗಿ 2–3 ವರ್ಷದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಜ್ವರ ಬರೀ ನೆಪ. ಒಳಗಿದ್ದದ್ದು ಸುಸ್ತಾದಾಗ ಹೊರಬಿತ್ತು ಅಷ್ಟೇ. ಕನ್ನಡಕ ಹಾಕಿದರೆ ತಿಣುಕುವ ಕೆಲಸವಿಲ್ಲ. ತೆಗೆದರೆ ಮತ್ತೆ ತಿಣುಕಾಟ, ಮತ್ತೆ ಮೆಳ್ಳೆ. ಈಗ ನೇರ ಕಣ್ಣು ನೋಡಿ ಅಭ್ಯಾಸವಾಗಿರುವುದರಿಂದ ಅದು ಜಾಸ್ತಿ ಕಾಣುತ್ತದೆ.

ಅತ್ತೆಯವರಿಗೆ ಇಷ್ಟು ಹೇಳಿ: ಹಾಗೇ ಬಿಟ್ಟರೆ ಮೆದುಳು ತಿರುಗಿದ ಕಣ್ಣಿನ ಚಿತ್ರವನ್ನು ಕಡೆಗಣಿಸುತ್ತದೆ, ಆ ಕಣ್ಣಿನ ದೃಷ್ಟಿ ಮಂಕಾಗುತ್ತದೆ. 7–8 ವರ್ಷ ದಾಟಿದರೆ ಅದನ್ನು ಮರಳಿ ತರುವುದು ಕಷ್ಟ. ಈಗಾಗಲೇ ಎಡಗಣ್ಣು ಮಂಕಾಗಿದ್ದರೆ ದಿನಕ್ಕೆ ಕೆಲವು ಗಂಟೆ ಬಲಗಣ್ಣಿಗೆ ಪ್ಯಾಚ್ ಹಾಕಲು ಡಾಕ್ಟರು ಹೇಳುತ್ತಾರೆ. ಚೆನ್ನಾಗಿರುವ ಕಣ್ಣನ್ನೇ ಮುಚ್ಚಬೇಕು. ಎಷ್ಟೋ ಮನೆಗಳಲ್ಲಿ ತಿರುಗಿದ ಕಣ್ಣಿಗೆ ಅಂಟಿಸಿಬಿಡುತ್ತಾರೆ!

ಕನ್ನಡಕ ಎದ್ದಾಗಿನಿಂದ ಮಲಗುವವರೆಗೆ ಇರಲಿ. ಅದು ಮೂಗಿನ ಮೇಲೆ ಜಾರಿದರೆ ಮಗು ಫ್ರೇಮಿನ ಮೇಲಿನಿಂದ ಇಣುಕುತ್ತದೆ, ಆಗ ಹಾಕಿಯೂ ದಂಡ. ಹಿಂದೆ ಎಲಾಸ್ಟಿಕ್ ಪಟ್ಟಿ ಕಟ್ಟಿಸಿ.

ಆಪರೇಷನ್ ಸದ್ಯಕ್ಕೆ ಬೇಡ. ಕನ್ನಡಕ ಹಾಕಿಯೂ ಉಳಿಯುವ ಮೆಳ್ಳೆಗೆ ಮಾತ್ರ ಅದು. ಪವರ್ ಅದರಿಂದ ಹೋಗುವುದಿಲ್ಲ. ಹುಟ್ಟಿದ 6 ತಿಂಗಳೊಳಗೆ ಶುರುವಾಗುವ ಮೆಳ್ಳೆಯ ಕಥೆ ಬೇರೆ, ಅದಕ್ಕೆ ಹೆಚ್ಚಾಗಿ ಆಪರೇಷನ್ನೇ ಬೇಕಾಗುತ್ತದೆ.

ಡಾಕ್ಟರು ಹೇಳಿದ ತಪಾಸಣೆ ತಪ್ಪಿಸಬೇಡಿ. ಕಣ್ಣು ಹೊರಗಡೆಗೆ ಹೊರಳದಿದ್ದರೆ, ತಲೆನೋವು–ವಾಂತಿ ಶುರುವಾದರೆ, ಕಣ್ಣಿನ ಪಾಪೆ ಬಿಳಿಯಾಗಿ ಹೊಳೆದರೆ ಆ ದಿನಾಂಕಕ್ಕೆ ಕಾಯದೆ ತಕ್ಷಣ ತೋರಿಸಿ.