ಸಂದರ್ಶನದಲ್ಲಿ ಕೈ ನಡುಗಿದರೆ?

ಪ್ರಶ್ನೆ: ಮುಂದಿನ ವಾರ ತೋರಣಗಲ್ಲಿನಲ್ಲಿ ಉದ್ಯೋಗ ಸಂದರ್ಶನವಿದೆ. ಹಿರಿಯರ ಮುಂದೆ ಕೂತರೆ ಕೈ, ದನಿ ಎರಡೂ ನಡುಗುತ್ತವೆ. ಏನು ಮಾಡಲಿ?
– ಓದುಗ, ಸಿಂಧನೂರು

ಉತ್ತರ: ನಡುಕಕ್ಕೆ ಕಾರಣ ಅಡ್ರಿನಲಿನ್, ಅಂದರೆ ಹೆದರಿದಾಗ ಮೈಯಲ್ಲಿ ಸ್ರವಿಸುವ ಹಾರ್ಮೋನ್. ಬಲವಂತವಾಗಿ ತಡೆಯಹೋದರೆ ಮೈ ಇನ್ನಷ್ಟು ಬಿಗಿಯುತ್ತದೆ. ಒಳಗೆ ಕರೆಯುವ ಮೊದಲು 4 ಎಣಿಸುತ್ತ ಉಸಿರೆಳೆದು, 6 ಎಣಿಸುತ್ತ ಬಿಡಿ. ಹೀಗೆ 2–3 ನಿಮಿಷ. ಉಸಿರು ಬಿಡುವಾಗ ಎದೆಬಡಿತ ಇಳಿಯುವುದರಿಂದ ಬಿಡುವುದೇ ದೀರ್ಘವಾಗಿರಬೇಕು. ಬರೀ ಹಾಳೆ ಹಿಡಿಯಬೇಡಿ, ಸಣ್ಣ ನಡುಕವೂ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ, ಗಟ್ಟಿ ಫೈಲಿನಲ್ಲಿಡಿ. ಅಂದು ಎರಡನೇ ಚಹಾ ಬೇಡ. ಉತ್ತರಗಳನ್ನೆಲ್ಲ ಬಾಯಿಪಾಠ ಮಾಡುವುದೇ ದೊಡ್ಡ ತಪ್ಪು: ಒಂದು ಪದ ಮರೆತರೆ ಮುಂದಿನದೆಲ್ಲ ತಪ್ಪಿಹೋಗುತ್ತದೆ. ನಿಮ್ಮ ಪರಿಚಯದ ಮೊದಲೆರಡು ವಾಕ್ಯಗಳನ್ನಷ್ಟೇ ಮನೆಯಲ್ಲಿ ಜೋರಾಗಿ ಹೇಳಿ ರೂಢಿಸಿಕೊಳ್ಳಿ. ಪ್ರಶ್ನೆ ಮುಗಿದ ಮೇಲೆ ಒಂದು ಕ್ಷಣ ತಡೆದು ಉತ್ತರಿಸಿ. ತಿಳಿಯದಿದ್ದರೆ ‘ಗೊತ್ತಿಲ್ಲ ಸರ್’ ಎಂದು ತಲೆ ತಗ್ಗಿಸದೆ ಹೇಳಿ.